ಸಿಗರೇಟು ಬಿಟ್ಟ ಮೇಲೆ ಬೆಂಬಲ ಯಾರಲ್ಲಿ ಕೇಳಬೇಕು? ನಮ್ಮ ಜಿಲ್ಲೆಯವರ ಅನುಭವ ತಿಳಿಸಿ

ಕಾಳಿತೀರ, ಕಾರವಾರ (ಪ್ರಶ್ನೆ)

ಧಾರವಾಡದಲ್ಲಿ ಓದುವಾಗ ಹತ್ತಿದ ಸಿಗರೇಟಿನ ಚಟ, ನೌಕರಿ ಹಿಡಿದು ಕಾರವಾರಕ್ಕೆ ಮರಳಿದ ಮೇಲೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನನ್ನ ಜೊತೆಗಿತ್ತು. ಕಳೆದ ಮಳೆಗಾಲದಲ್ಲಿ ಶುರುವಾದ ಕೆಮ್ಮು ದೀಪಾವಳಿ ಕಳೆದರೂ ಬಿಡದಿದ್ದಾಗ ವೈದ್ಯರು ಕೊಳವೆಯಲ್ಲಿ ಊದಿಸಿ ಪರೀಕ್ಷೆ ಮಾಡಿದರು. ಶ್ವಾಸಕೋಶದ ಬಲ ನನ್ನ ವಯಸ್ಸಿಗೆ ಇರಬೇಕಾದಷ್ಟಿಲ್ಲ, ಹೋದದ್ದು ಪೂರ್ತಿ ಮರಳುವುದಿಲ್ಲ, ಆದರೆ ಈಗಲೇ ಬಿಟ್ಟರೆ ಮುಂದಿನ ಕುಸಿತದ ವೇಗ ತಗ್ಗುತ್ತದೆ ಎಂದರು. ಅಂದೇ ಬಿಟ್ಟೆ. ಈಗ ಕೆಲವು ವಾರಗಳಾಗಿವೆ.

ಮೊದಲ ದಿನಗಳ ತಲೆನೋವು, ಸಿಡಿಮಿಡಿ, ನಿದ್ದೆಗೇಡು ಬಹುಮಟ್ಟಿಗೆ ಇಳಿದಿವೆ. ಉಳಿದಿರುವ ತೊಂದರೆ ಬೇರೆ ಬಗೆಯದು. ಕಚೇರಿ ಬಿಟ್ಟ ಮೇಲೆ ನಾವು ನಾಲ್ಕೈದು ಮಂದಿ ಸಹೋದ್ಯೋಗಿಗಳು ಬೈತಖೋಲದ ಕಡೆಗಿರುವ ಒಂದು ಗೂಡಂಗಡಿಯ ಮುಂದೆ ಸೇರುವುದು ಬಹಳ ಕಾಲದ ರೂಢಿ. ಅಂಗಡಿಯ ಕಂಬಕ್ಕೆ ದಾರದಲ್ಲಿ ಕಟ್ಟಿದ ಲೈಟರು ಸದಾ ಜೋತಾಡುತ್ತಿರುತ್ತದೆ. ಚಾ ಲೋಟ ಎಡಗೈಗೆ ಬಂದ ಕೂಡಲೇ ಬಲಗೈ ಯಾರೂ ಹೇಳದೆ ಅದರತ್ತ ಚಾಚುತ್ತದೆ. ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದರೆ ಸಿಗರೇಟಿನ ಜೊತೆಗೆ ಗೆಳೆತನವೂ ಹೋಗುತ್ತದೆ, ಹೋದರೆ ಅರ್ಧ ಗಂಟೆ ಮನಸ್ಸಿನೊಳಗೇ ಜಗಳ. ಮನೆಯಲ್ಲಿ ಎಲ್ಲರಿಗೂ ಸಂತೋಷವಾಗಿದೆ, ಆದರೆ ಅವರ ಪಾಲಿಗೆ ವಿಷಯ ಅಲ್ಲಿಗೇ ಮುಗಿದಿದೆ. "ಇಷ್ಟು ದಿನ ಬಿಟ್ಟವನಿಗೆ ಇನ್ನೇನು ಕಷ್ಟ?" ಎಂದು ತಾಯಿ ಕೇಳಿದರೆ ಏನು ಹೇಳಬೇಕೆಂದು ತಿಳಿಯುವುದಿಲ್ಲ.

ಈ ದಾರಿಯಲ್ಲಿ ಮುಂದೆ ಹೋಗಿರುವವರನ್ನು ಕೇಳುತ್ತಿದ್ದೇನೆ. ಮೊದಲ ಹುರುಪು ಇಳಿದ ಮೇಲೆ ಮನಸ್ಸನ್ನು ಹಿಡಿದಿಟ್ಟದ್ದು ಯಾವುದು? ಬಿಟ್ಟಿದ್ದೇನೆಂದು ಎಲ್ಲರಿಗೂ ಸಾರಬೇಕೋ, ಕೆಲವರಿಗಷ್ಟೇ ಹೇಳಬೇಕೋ? ಬೆಂಗಳೂರು, ಹುಬ್ಬಳ್ಳಿಗೆ ಅಲೆಯದೆ ನಮ್ಮ ಜಿಲ್ಲೆಯಲ್ಲೇ ಈ ವಿಷಯ ಬಲ್ಲವರೊಡನೆ ಮಾತನಾಡಲು ದಾರಿಯಿದೆಯೇ?

ನಿವೃತ್ತ ಮಾಸ್ತರು, ಶಿರಸಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಹೇಳುತ್ತಿರುವ ಹಂತಕ್ಕೆ ಯಾರೂ ಗಮನ ಕೊಡುವುದಿಲ್ಲ. ಮೊದಲ ವಾರ ಎಲ್ಲರೂ ಬೆನ್ನು ತಟ್ಟುತ್ತಾರೆ; ಎರಡನೆಯ ತಿಂಗಳಲ್ಲಿ ಯಾರಿಗೂ ನೆನಪೇ ಇರುವುದಿಲ್ಲ. ನಾನು ಕಂಡಂತೆ ಮತ್ತೆ ಸೇದಲು ತೊಡಗಿದವರಲ್ಲಿ ಹೆಚ್ಚಿನವರು ಮೊದಲ ಸಂಕಟವನ್ನು ದಾಟಿ, ಇಂಥ ಸಪ್ಪೆ ದಿನಗಳಲ್ಲಿ "ಒಂದೇ ಒಂದು" ಎಂದು ಕೈಚಾಚಿದವರೇ.

ಎಲ್ಲರಿಗೂ ಸಾರಬೇಕೇ ಎಂಬುದಕ್ಕೆ ನನ್ನ ಅಭಿಪ್ರಾಯ, ಬೇಡ. ಸಾರುವುದರಿಂದ ಸಿಗುವುದು ಹೊಗಳಿಕೆ, ಅದು ಬೇಗ ಹಳಸುತ್ತದೆ. ಅದರ ಬದಲು ಇಬ್ಬರು ಮೂವರನ್ನು ಆರಿಸಿಕೊಂಡು ಒಬ್ಬೊಬ್ಬರಿಗೂ ಒಂದೊಂದು ಸ್ಪಷ್ಟವಾದ ಕೆಲಸ ಒಪ್ಪಿಸಿ. "ನನಗೆ ಬೆಂಬಲ ಕೊಡಿ" ಎಂದರೆ ಏನು ಮಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. "ಸಂಜೆ ಆರು ಗಂಟೆಗೆ ನನಗೊಂದು ಫೋನು ಮಾಡಿ" ಎಂದರೆ ಯಾರೂ ಇಲ್ಲವೆನ್ನುವುದಿಲ್ಲ. ನಾನು ಮೊದಲು ಕೇಳಿಕೊಂಡದ್ದು ಸಿಗರೇಟು ಮಾರುವ ಅಂಗಡಿಯವನನ್ನೇ. ನಾನು ಕೇಳಿದರೂ ಬಿಡಿ ಸಿಗರೇಟು ಕೊಡಬಾರದು, ಎರಡನೆಯ ಸಲ ಕೇಳಿದರೆ ಬೈದು ಕಳಿಸಬೇಕು ಎಂದೆ. ಆ ಮನುಷ್ಯ ತನಗೆ ಬರುವ ವ್ಯಾಪಾರ ಬಿಟ್ಟು ಆ ಮಾತನ್ನು ನಡೆಸಿಕೊಟ್ಟ. ಬಿಡಿ ಸಿಗರೇಟು ಮಾರುವುದನ್ನು ನಮ್ಮ ರಾಜ್ಯದಲ್ಲಿ 2017ರಲ್ಲೇ ನಿಷೇಧಿಸಿದ್ದರೂ ಗೂಡಂಗಡಿಗಳಲ್ಲಿ ಅದು ನಿಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು; ಆದ್ದರಿಂದ ಈ ಒಪ್ಪಂದವನ್ನು ನೀವೇ ಮಾಡಿಕೊಳ್ಳಬೇಕಾಗುತ್ತದೆ.

ವಯಸ್ಸಾಯಿತು, ಇನ್ನು ಬಿಟ್ಟು ಏನು ಲಾಭ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಅವರ ಸಂಗಡಿಗರು 1951ರಲ್ಲಿ ಅಲ್ಲಿನ ವೈದ್ಯರನ್ನೇ ವಿಷಯವಾಗಿಟ್ಟುಕೊಂಡು ಶುರು ಮಾಡಿದ ಅಧ್ಯಯನದ ಐವತ್ತು ವರ್ಷಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಸೇದುತ್ತಲೇ ಇದ್ದವರಿಗಿಂತ 60ರ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6 ವರ್ಷ, 40ರಲ್ಲಿ ಬಿಟ್ಟವರಿಗೆ 9 ವರ್ಷ ಹೆಚ್ಚು ಆಯುಷ್ಯ ಸಿಗುತ್ತದೆ. ಐವತ್ತು ದಾಟಿದ ಮೇಲೆ ಬಿಟ್ಟ ನಾನು ಮನಸ್ಸು ಸಡಿಲವಾದಾಗಲೆಲ್ಲ ಈ ಲೆಕ್ಕವನ್ನು ನೆನೆದಿದ್ದೇನೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಘಟ್ಟದ ಮೇಲಿನ ನಮ್ಮ ಕಡೆ ಸಿಗರೇಟು ಬಿಟ್ಟವರು ಬಾಯಿ ಖಾಲಿ ಎನಿಸಿ ಕವಳ (ಎಲೆಯಡಿಕೆ) ಹಾಕುವುದನ್ನು ಹೆಚ್ಚಿಸಿಕೊಳ್ಳುತ್ತಾರೆ, ಅದಕ್ಕೆ ಹೊಗೆಸೊಪ್ಪಿನ ಎಸಳೂ ಸೇರುತ್ತದೆ. ಹೊಗೆಸೊಪ್ಪಿನಲ್ಲಿರುವುದು ಅದೇ ನಿಕೋಟಿನ್. ಹಾಗೆ ಮಾಡಿದರೆ ಚಟ ಬಿಟ್ಟಂತಲ್ಲ, ಬಾಗಿಲು ಬದಲಿಸಿದಂತೆ. ಹೊಗೆಸೊಪ್ಪು ಇಲ್ಲದ ಕವಳವೂ, ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ಅಡಿಕೆ ತೋಟದ ಆದಾಯದಲ್ಲಿ ಓದಿ ಬೆಳೆದವನಾದ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಶ್ವಾಸಕೋಶವನ್ನು ಉಳಿಸಿಕೊಳ್ಳಲು ಹೊರಟ ನಿಮಗೆ ಬಾಯಿಯ ರೋಗ ಬರಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ. ಬಾಯಿ ಬೇಡಿದಾಗ ಏಲಕ್ಕಿ, ಲವಂಗ, ಒಣಗಿಸಿದ ನೆಲ್ಲಿಕಾಯಿ ಚೂರು ಇಟ್ಟುಕೊಳ್ಳಿ.

ಔಷಧಿ ಅಂಗಡಿ, ಅಂಕೋಲಾ

ಮಾಸ್ತರು ಹೇಳಿದ್ದನ್ನು ಒಪ್ಪುತ್ತೇನೆ. ಔಷಧಿ ಅಂಗಡಿಯಲ್ಲಿ ದಿನವೂ ಈ ವಿಷಯ ಕೇಳುವವನಾದ್ದರಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಉತ್ತರ. 1800-11-2356 ಎಂಬ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 2016ರಿಂದ ಇದೆ, ಕರೆ ಉಚಿತ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತನಾಡಬಹುದು, ಸೋಮವಾರ ರಜೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಜಾಲದಲ್ಲಿರುವುದರಿಂದ ಕನ್ನಡದಲ್ಲೇ ಆಪ್ತಸಮಾಲೋಚಕರು ಸಿಗುತ್ತಾರೆ. ಒಂದು ಸಲ ಮಾತನಾಡಿಸಿ ಕೈಬಿಡುವುದಿಲ್ಲ. ಬಿಡುವ ದಿನ ಗೊತ್ತು ಮಾಡಿಸಿ, ಆಮೇಲೆ ಅವರೇ ತಿರುಗಿ ಕರೆ ಮಾಡಿ ವಿಚಾರಿಸುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಈ ಸಂಖ್ಯೆಯನ್ನು ಸಿಗರೇಟಿನ ಪ್ರತಿಯೊಂದು ಪ್ಯಾಕಿನ ಮೇಲೆ ಮುದ್ರಿಸುತ್ತಿದ್ದಾರೆ. ಆದರೆ ಗೂಡಂಗಡಿಯಲ್ಲಿ ಒಂದೊಂದೇ ಕೊಂಡು ಸೇದುವವನು ಪ್ಯಾಕನ್ನು ಕಾಣುವುದೇ ಇಲ್ಲ. ವರ್ಷಗಟ್ಟಲೆ ಸೇದಿದವರೂ ಅಂಥದೊಂದು ಸಂಖ್ಯೆ ಇದೆಯೇ ಎಂದು ನನ್ನನ್ನು ಕೇಳುತ್ತಾರೆ. ಎದುರು ಕೂತು ಮಾತನಾಡಬೇಕೆಂದರೆ, ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ವ್ಯಸನ ಬಿಡಿಸುವ ಕೇಂದ್ರಗಳನ್ನು ನಡೆಸಲಾಗುತ್ತದೆ. ನಿಮ್ಮ ಊರಿನಲ್ಲಿ ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಒಂದೇ ಆವರಣದಲ್ಲಿವೆ. ಹೊರರೋಗಿ ಚೀಟಿ ಮಾಡಿಸುವಲ್ಲಿ ಕೇಳಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ.

ನಿಕೋಟಿನ್ ಗಮ್ ಬಗ್ಗೆ ಹಲವರು ಕೇಳುತ್ತಾರೆ. ನೀವು ಈಗಾಗಲೇ ಕೆಲವು ವಾರ ನಿಕೋಟಿನ್ ಇಲ್ಲದೆ ಕಳೆದಿದ್ದೀರಿ. ದೇಹದ ಹಿಂಸೆ ಸಾಮಾನ್ಯವಾಗಿ ಎರಡು ಮೂರನೆಯ ದಿನ ತುದಿ ಮುಟ್ಟಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ; ಆದ್ದರಿಂದ ನಿಮಗೆ ಈಗ ಹೊಸದಾಗಿ ಗಮ್ ಶುರು ಮಾಡುವ ಅಗತ್ಯ ಬಹುಶಃ ಇಲ್ಲ. ಆದರೆ ಇದನ್ನು ಓದುತ್ತಿರುವ ಬೇರೆಯವರಿಗೆ ಉಪಯೋಗವಾಗಲೆಂದು ಬರೆಯುತ್ತೇನೆ, ಏಕೆಂದರೆ ಗಮ್ ಕೊಂಡವರಲ್ಲಿ ಬಹಳ ಮಂದಿ ಅದನ್ನು ಬಬಲ್ ಗಮ್ಮಿನಂತೆ ಜಗಿದು, ಬಿಕ್ಕಳಿಕೆ, ಹೊಟ್ಟೆ ತೊಳಸು ಬಂದು, ಇದು ಆಗುವುದಿಲ್ಲ ಎಂದು ಎಸೆಯುತ್ತಾರೆ. ನಿಧಾನವಾಗಿ ಜಗಿಯಬೇಕು, ನಾಲಿಗೆಗೆ ಮೆಣಸಿನಂಥ ಚುರುಕು ತಾಗಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಡಬೇಕು, ಚುರುಕು ಆರಿದ ಮೇಲೆ ಮತ್ತೆ ಜಗಿದು ಇನ್ನೊಂದು ಬದಿಗಿಡಬೇಕು. ಒಂದು ಗಮ್ಮು ಹೀಗೆ ಸುಮಾರು ಅರ್ಧ ಗಂಟೆ ಬರುತ್ತದೆ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ಆದ್ದರಿಂದ ಗಮ್ಮಿಗೆ ಹದಿನೈದು ನಿಮಿಷ ಮುಂಚಿನಿಂದ ಕಾಫಿ, ನಿಂಬೆ ಶರಬತ್ತು, ಸೋಲಕಡಿ, ಅಪ್ಪೆಹುಳಿ ಇವು ಯಾವುವೂ ಬೇಡ. ನಮ್ಮ ಕಡೆ ಊಟವೆಂದರೆ ಹುಳಿಯೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. 2 ಮಿಲಿಗ್ರಾಂ ಗಮ್ಮು ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ, 4 ಮಿಲಿಗ್ರಾಂ ಚೀಟಿ ಇದ್ದವರಿಗೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಬೇಕಾಗುತ್ತದೆ. ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ, ಅವು ವೈದ್ಯರು ನೋಡಿ ಬರೆದುಕೊಡಬೇಕಾದವು. ಔಷಧಿ ತೆಗೆದುಕೊಂಡು ಬಿಟ್ಟರೆ ಅದು ಮನೋಬಲದಿಂದ ಬಿಟ್ಟಂತಲ್ಲ ಎಂದು ಹಳಿಯುವವರ ಮಾತಿಗೆ ಕಿವಿಗೊಡಬೇಡಿ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಸಂಗತಿ ಚಾ-ಕಾಫಿಯದು. ಸಿಗರೇಟಿನ ಹೊಗೆ ಯಕೃತ್ತನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತದೆ. ಹೊಗೆ ನಿಂತ ಮೇಲೆ ಅಷ್ಟೇ ಲೋಟ ಕುಡಿದರೂ ರಕ್ತದಲ್ಲಿ ಉಳಿಯುವ ಕೆಫೀನು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆಗ ಎದೆ ಡವಗುಟ್ಟುವುದು, ಕೈ ನಡುಗುವುದು, ರಾತ್ರಿ ನಿದ್ದೆ ಹತ್ತದಿರುವುದು ಎಲ್ಲವನ್ನೂ ಸಿಗರೇಟು ಇಲ್ಲದ್ದರ ಫಲ ಎಂದು ತಿಳಿದು ಮತ್ತೆ ಹಚ್ಚಿಬಿಡುತ್ತಾರೆ. ಗೂಡಂಗಡಿಯ ಗೆಳೆತನ ಉಳಿಯಲಿ, ಆದರೆ ಅಲ್ಲಿ ಚಾ ಬದಲು ಬೇರೇನಾದರೂ ಕುಡಿಯಿರಿ. ಮನೆಯಲ್ಲಿ ಅರ್ಧದಷ್ಟು ಚಾ ಇಳಿಸಿ ಜೀರಿಗೆ ಕಷಾಯಕ್ಕೆ ಬನ್ನಿ. ಲೋಟ ಬದಲಾದರೆ ಬಲಗೈಯ ಅಭ್ಯಾಸವೂ ತುಸು ಗಲಿಬಿಲಿಗೊಳ್ಳುತ್ತದೆ. ಸೇದಬೇಕೆಂಬ ಹಂಬಲ ಎದ್ದರೆ ಅದು ಸಾಮಾನ್ಯವಾಗಿ ಐದು ನಿಮಿಷದೊಳಗೆ ತಗ್ಗುತ್ತದೆ. ಆ ಹೊತ್ತನ್ನು ಕಳೆಯಲು ಅಂಗಡಿಯಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಫೋನಿನಲ್ಲಿ ಮಾತನಾಡಿ ಬಂದರೆ ಸಾಕು.

ತಾಂಡೇಲರ ಮನೆಯವ, ತದಡಿ

ನಮ್ಮದು ಮೀನುಗಾರಿಕೆ ಕುಟುಂಬ, ಚಿಕ್ಕಪ್ಪ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಅವರು ಬೀಡಿ ಬಿಟ್ಟದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಬೀಡಿ ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ಬಂದರಿನಲ್ಲಿ ಇಂದಿಗೂ ಇದೆ, ಅದು ನಿಜವಲ್ಲ. ಬೀಡಿ ಆರದಂತೆ ಮೇಲಿಂದ ಮೇಲೆ ದಮ್ಮು ಎಳೆಯಬೇಕಾಗುವುದರಿಂದ ಒಳಗೆ ಹೋಗುವ ಹೊಗೆ ಕಡಿಮೆಯೇನಲ್ಲ.

ಕಡಲಿಗೆ ಹೋದಾಗ ಅಂಗಡಿಯಿಲ್ಲ, ಆದ್ದರಿಂದ ಅಲ್ಲಿ ಬಿಡುವುದು ಸುಲಭ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಬೋಟಿನಲ್ಲಿ ಕೆಲಸ ಮಾಡುವ ಕಲಾಸಿಗಳೆಲ್ಲರ ಕಿಸೆಯಲ್ಲೂ ಬೀಡಿಕಟ್ಟು ಇರುತ್ತದೆ, ಬಲೆ ಬಿಟ್ಟು ಕಾಯುವ ಹೊತ್ತಿನಲ್ಲಿ ಒಬ್ಬ ಹಚ್ಚಿದರೆ ಪಕ್ಕದವನಿಗೂ ಚಾಚುವುದು ಸೌಜನ್ಯವೆನಿಸುತ್ತದೆ. ಚಿಕ್ಕಪ್ಪ ಸೇದಬೇಡಿ ಎಂದು ಯಾರಿಗೂ ಹೇಳಲಿಲ್ಲ. "ನನ್ನ ಮುಂದೆ ಚಾಚಬೇಡಿ, ನಾನು ಚುಕ್ಕಾಣಿ ಹಿಡಿದಿರುವಾಗ ಹಿಂಬದಿಗೆ ಹೋಗಿ ಸೇದಿ" ಎಂದಷ್ಟೇ ಕೇಳಿಕೊಂಡರು. ಹುಡುಗರು ಅದನ್ನು ನಡೆಸಿದರು. ಗೆಳೆಯರನ್ನು ಬಿಡಬೇಕಾಗಿಲ್ಲ, ಅವರು ಕೈ ಚಾಚುವುದನ್ನು ನಿಲ್ಲಿಸಿದರೆ ಸಾಕು ಎಂಬುದಕ್ಕಾಗಿ ಇದನ್ನು ಹೇಳಿದೆ.

ಅವರಿಗೆ ಕಷ್ಟವಾದದ್ದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಎರಡು ತಿಂಗಳಲ್ಲಿ. ಬೋಟು ದಡದಲ್ಲಿ, ಹೊರಗೆ ಎಡೆಬಿಡದ ಮಳೆ, ಚಪ್ಪರದಡಿ ಬಲೆ ರಿಪೇರಿ, ಆದಾಯವಿಲ್ಲದ ಚಿಂತೆ. ಹಿಂದೊಮ್ಮೆ ಬಿಟ್ಟದ್ದು ಮತ್ತೆ ಹತ್ತಿದ್ದೂ ಆ ತಿಂಗಳುಗಳಲ್ಲೇ. ಆದ್ದರಿಂದ ಮುಂದಿನ ವರ್ಷ ಮೇ ತಿಂಗಳಲ್ಲೇ ಆ ದಿನಗಳಿಗೆ ವ್ಯವಸ್ಥೆ ಮಾಡಿಕೊಂಡರು. ಬಲೆ ಕೆಲಸವನ್ನು ಮನೆಯ ಜಗಲಿಗೆ ತಂದರು, ಮಕ್ಕಳೂ ಚಿಕ್ಕಮ್ಮನೂ ಎದುರಿಗಿರುವ ಕಡೆ. ನಿಮಗೂ ವರ್ಷದಲ್ಲಿ ಅಂಥ ದಿನಗಳು ಇರುತ್ತವೆ: ಕಚೇರಿಯಲ್ಲಿ ಲೆಕ್ಕ ಮುಗಿಸುವ ಮಾರ್ಚ್ ತಿಂಗಳು, ರಾತ್ರಿಯಿಡೀ ನಡೆಯುವ ಯಕ್ಷಗಾನ, ಮದುವೆ ಮನೆಯ ಹಿಂದಿನ ರಾತ್ರಿ. ಅವು ಬರುವ ಮುಂಚೆಯೇ ಅಂದು ಯಾರ ಪಕ್ಕದಲ್ಲಿ ಕೂರುವುದೆಂದು ನಿಶ್ಚಯಿಸಿಕೊಳ್ಳಿ. ಬಯಲಾಟಕ್ಕೆ ಹೋದರೆ ಮುಂದಿನ ಸಾಲಿನಲ್ಲಿ, ಮನೆಯವರ ನಡುವೆ.

ಹೊನ್ನಾವರದ ಗೃಹಿಣಿ

ನನ್ನ ಉತ್ತರ ನಿಮಗಲ್ಲ, ನಿಮ್ಮ ಮನೆಯವರಿಗೆ. ದಯವಿಟ್ಟು ಅವರಿಗೆ ಓದಲು ಕೊಡಿ.

ಅಕ್ಕಾ, ನಮ್ಮವರು ಬಸ್ಸು ಚಾಲಕರು. ಅವರು ಸಿಗರೇಟು ಬಿಟ್ಟ ಹೊಸದರಲ್ಲಿ ನಾನು ದಿನವೂ ಅಂಗಿ ಮೂಸಿ ನೋಡುತ್ತಿದ್ದೆ, "ಇವತ್ತು ಸೇದಲಿಲ್ಲ ತಾನೇ?" ಎಂದು ಕೇಳುತ್ತಿದ್ದೆ. ಅದು ಪ್ರೀತಿಯಿಂದಲೇ, ಆದರೆ ಅವರಿಗೆ ಅದು ತಪಾಸಣೆಯಂತೆ ಕಾಣುತ್ತಿತ್ತು. ಆಮೇಲೆ ಅವರೇ ಹೇಳಿದರು: "ಸೇದಿದೆಯಾ ಎಂದು ಕೇಳಬೇಡ, ಇವತ್ತು ಕಷ್ಟ ಆಯಿತಾ ಎಂದು ಕೇಳು." ಆ ಪ್ರಶ್ನೆ ಕೇಳತೊಡಗಿದ ಮೇಲೆ ಅವರು ಮಾತನಾಡತೊಡಗಿದರು. ಯಾವ ಹೊತ್ತಿನಲ್ಲಿ ಕಷ್ಟ, ಯಾರ ಜೊತೆ ಇದ್ದಾಗ ಕಷ್ಟ ಎಲ್ಲವೂ ತಿಳಿಯಿತು. ದೇವಿಮನೆ ಘಟ್ಟ ಇಳಿದು ಬಸ್ಸು ಚಾಕ್ಕೆ ನಿಲ್ಲಿಸಿದಾಗ ಅವರಿಗೆ ತಡೆಯಲಾಗುತ್ತಿರಲಿಲ್ಲ. ಜೊತೆಯ ನಿರ್ವಾಹಕರಿಗೆ ಅದನ್ನು ಹೇಳಿಕೊಂಡರು. ಆ ತಮ್ಮ ಟಿಕೆಟ್ ಚೀಲದಲ್ಲಿ ಹುರಿಗಡಲೆ ಪೊಟ್ಟಣ ಇಟ್ಟುಕೊಂಡು, ಬಸ್ಸು ನಿಂತ ಕೂಡಲೇ ಇವರ ಅಂಗೈಗೆ ಸುರಿಯುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ.

ಬಿಟ್ಟ ಮೇಲೆ ಕೆಲವು ವಾರ ಕೆಮ್ಮು, ಕಫ ಹೆಚ್ಚಾಗಬಹುದು. ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಕೆಲಸಕ್ಕೆ ತೊಡಗಿ ಕಸ ಹೊರಹಾಕುವುದೇ ಅದಕ್ಕೆ ಕಾರಣವೆಂದು ನಮಗೆ ವೈದ್ಯರು ಹೇಳಿದರು. ಮಲಬದ್ಧತೆಯೂ ಆಗುತ್ತದೆ, ಹಸಿವು ಹೆಚ್ಚಿ ಮೈ ಬರುತ್ತದೆ. ಸಿಟ್ಟನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಹಾಗೆಂದು ಸಿಟ್ಟು ತಡೆಯಲಾಗದೆ "ಬೇಕಾದರೆ ಒಂದು ಸೇದಿ ಬನ್ನಿ" ಎಂದು ಮಾತ್ರ ಹೇಳಬೇಡಿ. ಉಳಿದ ಹಣವನ್ನು ನಾವು ಬೇರೆ ಡಬ್ಬಿಯಲ್ಲಿ ಹಾಕಿದೆವು, ಅದರಲ್ಲಿ ಏನು ಕೊಳ್ಳಬೇಕೆಂದು ತೀರ್ಮಾನಿಸುವ ಹಕ್ಕು ಅವರದೇ ಇತ್ತು.

ಕಾಳಿತೀರ, ಕಾರವಾರ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಹೊನ್ನಾವರದ ತಂಗಿಯವರ ಬರಹವನ್ನು ಮನೆಯಲ್ಲಿ ಓದಿ ಹೇಳಿದೆ. ಮನೆಯವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಮರುದಿನ ಸಂಜೆ ಆರಕ್ಕೆ ಫೋನು ಬಂತು.

ಮಾಸ್ತರು ಹೇಳಿದಂತೆ ಗೆಳೆಯರಲ್ಲೊಬ್ಬರನ್ನು ಆರಿಸಿಕೊಂಡು ನನ್ನ ಮುಂದೆ ಚಾಚಬೇಡಿ ಎಂದು ಕೇಳಿಕೊಂಡೆ. ಅವರು ಕೊಟ್ಟ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ: ತಾವೂ ಬಿಡಬೇಕೆಂದು ವರ್ಷದಿಂದ ಯೋಚಿಸುತ್ತಿದ್ದಾರೆ, ನಮ್ಮ ನಡುವೆ ಹೇಳಲು ಸಂಕೋಚವಾಗಿತ್ತಂತೆ. ಅವರಿಗೆ ಐವತ್ತೆರಡು. ರಕ್ತದೊತ್ತಡಕ್ಕೆ ಮಾತ್ರೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಎದ್ದ ಕೂಡಲೇ ಸಿಗರೇಟು ಬೇಕು. ಅಂಕೋಲಾದವರು ಹೇಳಿದ ಗಮ್ಮು ಅವರಿಗೆ ನಡೆಯುತ್ತದೆಯೇ? ದಿನಕ್ಕೆ ಒಂದೊಂದು ಕಡಿಮೆ ಮಾಡುತ್ತ ಬರುವುದು ಒಳ್ಳೆಯದೋ, ಒಂದು ದಿನ ಗೊತ್ತು ಮಾಡಿ ನಿಲ್ಲಿಸುವುದೋ?

ಔಷಧಿ ಅಂಗಡಿ, ಅಂಕೋಲಾ

ನಿಮ್ಮ ಗೆಳೆಯರು ಒಬ್ಬಂಟಿಯಲ್ಲ. 2016–17ರಲ್ಲಿ ಭಾರತದಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ದೇಶದ ಧೂಮಪಾನಿಗಳಲ್ಲಿ ಶೇ 55.4ರಷ್ಟು ಮಂದಿ ಬಿಡುವ ಯೋಜನೆಯನ್ನೋ ಯೋಚನೆಯನ್ನೋ ಹೊಂದಿದ್ದಾರೆಂದು ಕಂಡುಬಂದಿತ್ತು. ನಿಮ್ಮ ಗೂಡಂಗಡಿಯ ಮುಂದೆ ಇನ್ನೊಬ್ಬರೂ ಹೀಗೆ ಸುಮ್ಮನಿರಬಹುದು.

ಸ್ವಲ್ಪ ಸ್ವಲ್ಪವಾಗಿ ಇಳಿಸುವವರು ಉಳಿದ ಸಿಗರೇಟುಗಳನ್ನೇ ಇನ್ನಷ್ಟು ಜೋರಾಗಿ ಎಳೆದು ಅಷ್ಟೇ ನಿಕೋಟಿನ್ ಪಡೆಯುತ್ತಾರೆ. ಒಂದೆರಡು ವಾರದೊಳಗಿನ ದಿನವೊಂದನ್ನು ಗೊತ್ತು ಮಾಡಿ, ಅಂದಿಗೆ ಔಷಧಿಯನ್ನೂ ಜೊತೆಗಾರನನ್ನೂ ಸಿದ್ಧಪಡಿಸಿಕೊಂಡು ಒಮ್ಮೆಲೇ ನಿಲ್ಲಿಸುವುದು ಹೆಚ್ಚಿನವರಿಗೆ ಒಳ್ಳೆಯದು. ಅವರ ಔಷಧಿಯನ್ನು ಮಾತ್ರ ನಾನು ಅಂಗಡಿಯಲ್ಲಿ ಕೂತು ಹೇಳಲಾರೆ. ಎದ್ದ ಕೂಡಲೇ ಸೇದುವವರಿಗೆ 4 ಮಿಲಿಗ್ರಾಂ ಗಮ್ಮು ಬೇಕಾಗಬಹುದು, ಅದಕ್ಕೆ ಚೀಟಿ ಬೇಕು. ಈಚೆಗೆ ಹೃದಯಾಘಾತವೋ ಎದೆನೋವೋ ಆಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಸಿಗರೇಟು ನಿಂತ ಮೇಲೆ ದೇಹ ಇನ್ಸುಲಿನ್ನಿಗೆ ಸ್ಪಂದಿಸುವ ರೀತಿ ಬದಲಾಗಿ ಸಕ್ಕರೆ ಇಳಿಯಬಹುದು, ಹಾಗಾಗಿ ಆ ವಾರಗಳಲ್ಲಿ ಎಂದಿಗಿಂತ ಹೆಚ್ಚು ಸಲ ಪರೀಕ್ಷಿಸಿ ನೋಡಬೇಕು. ತೆಗೆದುಕೊಳ್ಳುವ ಎಲ್ಲ ಔಷಧಿಗಳ ಪಟ್ಟಿ ಹಿಡಿದು ಬೆಳಗಿನ ಹೊರರೋಗಿ ವೇಳೆಯಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಲಿ, ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ಬಿಡುವ ದಿನವನ್ನು ವೈದ್ಯರನ್ನು ಕಂಡ ಮೇಲೆ ಇಬ್ಬರೂ ಕೂತು ನಿರ್ಧರಿಸಿ.